ಎದುರು ಮನೆಯ ಮಾತು

ಶಂಶಾಬಾದಿನ ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಬಲ್ಲವರು ತಾನು ಮತ್ತು ತನ್ನ ಅಜ್ಜಿ ತುಳಸಾಬಾಯಿ ಇಬ್ಬರೇ ಎಂದು ಸಂಪದಾ ನಂಬಿದ್ದಳು. ಏರ್‌ಪೋರ್ಟಿನ ಮಾಹಿತಿ ಕೌಂಟರಿನಿಂದ ಮನೆಗೆ ಬರುತ್ತ, ಲಿಫ್ಟಿನಲ್ಲಿ ಯಾರಿದ್ದರೂ ಫೋನಿನಲ್ಲಿ ನಿರಾತಂಕವಾಗಿ ಮಾತಾಡುತ್ತಿದ್ದಳು.

"ಎದುರ್ ಮನಿಯವರಾ ಅಜ್ಜಿ? ಆ ಹುಡುಗ ತಾಯಿ ಜೋಡಿ ಒಂದ್ ಮಾತೂ ಆಡೂದಿಲ್ಲ. ನೋಡ್ಲಿಕ್ಕೆ ಛಂದ ಇದ್ದಾನ, ಆದ್ರ ಏನ್ ಸಿಟ್ಟೋ ಏನೋ."

ಲಿಫ್ಟ್ ನಿಂತಿತು. ಪಕ್ಕದಲ್ಲಿದ್ದ ಅದೇ ಹುಡುಗ ಬಾಗಿಲಿಗೆ ಕೈ ಅಡ್ಡ ಹಿಡಿದು, ಅವಳು ಇಳಿಯಲೆಂದು ಕಾದ.

"ಭಾಳ ಮಾತಾಡ್ತೀವ್ರಿ," ಎಂದ ಮೆಲ್ಲಗೆ. "ನಿಮಗ ಕೇಳಸೂದಿಲ್ಲ, ಅಷ್ಟ."

ಸಂಪದಾಳ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಕುತೂಹಲವೇ ಹೆಚ್ಚಾಗಿ ಅವಳನ್ನು ಕಾಡಿತು. ಸಂಜೆಯಾದರೆ ಅಡುಗೆಮನೆಯ ಬಾಲ್ಕನಿಯಲ್ಲಿ ನಿಂತು ಯಾವ ಮನೆಯಲ್ಲಿ ಯಾವ ಭಾಷೆ ಎಂದು ಗುರುತಿಸುವುದು ಅವಳ ಆಟ. ಮೇಲಿನವರು ಮಗುವನ್ನು ಒಡಿಯಾದಲ್ಲಿ ಗದರುತ್ತಾರೆ, ಕೆಳಗಿನವರು ಉರ್ದುವಿನಲ್ಲಿ ತರಕಾರಿ ಕೊಳ್ಳುತ್ತಾರೆ. ಎದುರು ಮನೆಯಿಂದ ಮಾತ್ರ ಪಾತ್ರೆಯ ಸದ್ದು, ನಗು, ಆಗಾಗ ಮೇಜು ಬಡಿದ ಶಬ್ದ. ಒಂದು ಪದವೂ ಇಲ್ಲ.

ಮರುದಿನ ಕ್ಷಮೆ ಕೇಳಲು ಹೋದಳು. ಬೆಲ್ ಒತ್ತಿದರೆ ಸದ್ದಿನ ಬದಲು ಒಳಗೊಂದು ದೀಪ ಮಿನುಗಿತು. ಬಾಗಿಲು ತೆರೆದ ಅವನ ತಾಯಿ ಪಾರ್ವತಿಬಾಯಿ ಅವಳ ತುಟಿಗಳನ್ನೇ ದಿಟ್ಟಿಸಿ ನೋಡಿ, ನೆಲಕ್ಕೆ ಎರಡು ಸಲ ಕಾಲು ಬಡಿದು ಮಗನನ್ನು ಕರೆದರು. ಅವನು ಬಂದ. ತಾಯಿ ಮಗನ ಕೈಗಳು ಗಾಳಿಯಲ್ಲಿ ಸರಸರ ಹರಿದಾಡತೊಡಗಿದವು. ಸಂಪದಾ ಬಂದ ಕೆಲಸ ಮರೆತು ನೋಡುತ್ತ ನಿಂತಳು.

"ಅವ್ವ ಚಾ ಕುಡೀತೀರೇನು ಅಂತ ಕೇಳಾಕತ್ತಾಳ," ಎಂದ ಅವನು. "ಇನ್ನೊಂದೂ ಕೇಳಾಕತ್ತಾಳ. ಅದನ್ನ ನಾ ಹೇಳೂದಿಲ್ಲ."

ಅವನ ಹೆಸರು ಚೇತನಕುಮಾರ, ಕೆಲಸ ಏರ್‌ಪೋರ್ಟಿನ ಕಾರ್ಗೋದಲ್ಲಿ. ಅವ್ವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ತೀರಿಹೋದ ಅಪ್ಪನಿಗೂ ಕೇಳಿಸುತ್ತಿರಲಿಲ್ಲ. ಕೈಯ ಮಾತೇ ಅವನ ಮೊದಲ ಭಾಷೆ. ಕನ್ನಡ ಕಲಿತದ್ದು ಭಾಲ್ಕಿಯ ಅಜ್ಜಿಯಿಂದ. ಹಾಗಾಗಿ ಜೀನ್ಸ್ ತೊಟ್ಟ ಈ ಹುಡುಗ ಲಿಫ್ಟ್ ಕೆಟ್ಟರೆ "ಇದಕ್ಕೇನ್ ದಾಡಿ ಬಡದೈತೋ ಶಿವನ" ಎನ್ನುತ್ತಿದ್ದ.

"ನೀವು ಥೇಟ್ ನಮ್ಮಜ್ಜಿ ಹಂಗ ಮಾತಾಡ್ತೀರಿ," ಎಂದು ಸಂಪದಾ ನಕ್ಕಳು.

"ಹಂಗಾರ ಗೌರವ ಕೊಡ್ರಿ."

ಬಿಡುವಿನ ಸಂಜೆಗಳೆಲ್ಲ ಎದುರು ಮನೆಯಲ್ಲೇ ಕಳೆದವು. ಸಂಪದಾ ಒಂದೊಂದಾಗಿ ಕೈಮಾತು ಕಲಿಯತೊಡಗಿದಳು. ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ.

"ಕನಸು ಯಾವ ಭಾಷಾದಾಗ ಬೀಳ್ತಾವ?"

"ಅವ್ವ ಬಂದ್ರ ಕೈಲೆ, ಮ್ಯಾನೇಜರ್ ಬಂದ್ರ ತೆಲುಗಿನ್ಯಾಗ."

"ಜಗಳಾಡಿದ್ರ?"

"ಸಿಟ್ಟು ಬಂತಂದ್ರ ಅವ್ವ ಕಣ್ಣ ಮುಚ್ಚಿಬಿಡ್ತಾಳ್ರಿ. ಮುಗೀತು. ಆಮ್ಯಾಲ ನಾ ಎಷ್ಟ ಕೈ ಬೀಸಿದ್ರೂ ಗ್ವಾಡಿಗೆ ಹೇಳಿದಂಗ."

ಏನಾದರೂ ಕೇಳುವಾಗ ಸಂಪದಾಳ ಎಡಹುಬ್ಬು ಮೇಲೇರುವುದನ್ನು ಪಾರ್ವತಿಬಾಯಿ ಕಂಡುಹಿಡಿದಿದ್ದರು. ತಮ್ಮ ಹುಬ್ಬಿನ ಮೇಲೆ ಬೆರಳಿಟ್ಟು ಎತ್ತಿ, ಕೈಮಾತಿನಲ್ಲಿ ಅದೇ ಅವಳ ಹೆಸರೆಂದರು. ಆಮೇಲೆ ಚೇತನ ಆ ಹೆಸರನ್ನು ಬಳಸುವಾಗ ಬೆರಳು ತನ್ನ ಹುಬ್ಬಿನ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಲ್ಲುತ್ತಿತ್ತು. ಅವಳು ಅದನ್ನು ಗಮನಿಸಿಯೂ ಗಮನಿಸದಂತಿದ್ದಳು.

ಒಂದು ಸಂಜೆ ಮೆಟ್ಟಿಲ ಬಳಿ ಅವನೇ ಅವಳನ್ನು ನಿಲ್ಲಿಸಿದ.

"ಹೋದ ವರ್ಷ ನನ್ನ ಎಂಗೇಜ್‌ಮೆಂಟ್ ಆಗಿತ್ರಿ. ಆಕಿನೂ ಮೊದಲ ಭಾಳ ಖುಷಿಲೆ ಕೈಮಾತು ಕಲ್ತಳು. ಆಮ್ಯಾಲ ಅವ್ವನ್ನ ಬ್ಯಾರೆ ಇಡೂನು ಅಂದಳು. ನಾ ಬ್ಯಾಡ ಅಂದೆ. ಆಕಿ ಹೋದ ಮ್ಯಾಲ ಅವ್ವ ಭಾಳ ದಿನ ಬಾಗಿಲ ದೀಪಾನ ನೋಡ್ಕೋತ ಕುಂದರ್ತಿದ್ದಳು." ಮಾತು ತಡೆದು ತಡೆದು ಬರುತ್ತಿತ್ತು. "ಇದು ನಾಕ್ ದಿನದ ಹುಕಿ ಆಗಿದ್ರ ಇಲ್ಲಿಗೇ ಬಿಡ್ರಿ. ಅವ್ವಗ ನಿಮ್ಮ ರೂಢಿ ಆಗಾಕತ್ತೈತಿ."

"ನಿಮಗ?"

ಅವನು ಮೆಟ್ಟಿಲಿಳಿದು ಹೊರಟುಬಿಟ್ಟ.

ಕೆಲವು ದಿನ ಸಂಪದಾ ಆ ಕಡೆ ಹೋಗಲಿಲ್ಲ. ಮನಸ್ಸಿಗೆ ಚುಚ್ಚಿತ್ತು, ಅವನು ಹೇಳಿದ್ದರಲ್ಲಿ ನಿಜವೂ ಇತ್ತು. ಶುರುವಾದದ್ದು ಕುತೂಹಲದಿಂದಲೇ. ಆದರೆ ಉಳಿದ ಮನೆಗಳ ಭಾಷೆಯನ್ನು ಅವಳು ಗುರುತಿಸಿ ಮರೆತುಬಿಟ್ಟಿದ್ದಳು. ಈ ಮನೆಯ ಮಾತಿಲ್ಲದೆ ಸಂಜೆಗಳು ಖಾಲಿಯಾಗಿದ್ದವು.

"ನಾಳೆ ಆ ಮನ್ಯಾಗ ಇರೂದಾದ್ರ ದಿನಾ ಯಾರ ಜೋಡಿ ಮಾತಾಡ್ತೀ?" ತುಳಸಾಬಾಯಿ ಅಕ್ಕಿ ಆರಿಸುತ್ತಲೇ ಕೇಳಿದರು.

"ಅತ್ತಿ ಜೋಡಿ. ಅದಕ್ಕ ಕಲೀಲಿಕ್ಕೆ ಹತ್ತೇನಿ, ಅಜ್ಜಿ."

ಅಜ್ಜಿಯ ಬೆರಳು ಅಕ್ಕಿಯಲ್ಲಿ ನಿಂತಿತು. 'ಅತ್ತಿ' ಎಂಬ ಪದ ತನ್ನ ಬಾಯಿಂದ ಬಂದದ್ದು ಸಂಪದಾಳಿಗೂ ಆಮೇಲೇ ತಿಳಿಯಿತು.

ಮುಂದಿನ ರಜೆಯ ದಿನ, ಚೇತನ ಕೆಲಸದಲ್ಲಿದ್ದಾಗ, ಅವಳು ಎದುರು ಮನೆಯ ಬೆಲ್ ಒತ್ತಿದಳು. ಪಾರ್ವತಿಬಾಯಿ ಕೋಠಿಯ ಬಜಾರಿಗೆ ಹೊರಟಿದ್ದರು, ಕುಪ್ಪಸದ ಬಟ್ಟೆಗೆ. ಸಂಪದಾ ಜೊತೆಗೆ ಹೋದಳು, ದುಭಾಷಿಯಾಗುವ ಹುಮ್ಮಸ್ಸಿನಲ್ಲಿ. ಅಂಗಡಿಯಲ್ಲಿ 'ಹಸಿರು' ಎನ್ನಲು ಹೋಗಿ ಏನೋ ಹೇಳಿದಳು. ಪಾರ್ವತಿಬಾಯಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ತಾವೇ ಹಸಿರು ಬಟ್ಟೆಯ ಥಾನು ತೋರಿಸಿ, ಮುಖ ಕಿವುಚಿ, ಎದ್ದು ಹೊರಟಂತೆ ಮಾಡಿ ಬೆಲೆ ಇಳಿಸಿದರು.

ವಾಪಸು ಬಸ್ಸು ಕಿಕ್ಕಿರಿದಿತ್ತು. ಇವರಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಬಸ್ಸು ಹೊರಡುವ ಮೊದಲು ಪಾರ್ವತಿಬಾಯಿ ಸಂಪದಾಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, ನಿಧಾನವಾಗಿ ಕೈಯಲ್ಲಿ ಕೇಳಿದರು: ನನ್ನ ಮಗ ನಿನಗೆ ಇಷ್ಟವೇನು?

ಸುತ್ತ ಅಷ್ಟೊಂದು ಜನ. ಯಾರಿಗೂ ಒಂದಕ್ಷರ ತಿಳಿಯದು. ಸಂಪದಾ ಬಂದಷ್ಟು ಕೈಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಇಷ್ಟ, ತುಂಬಾ ಇಷ್ಟ. ನೀವೂ ಇಷ್ಟ. ಮೂವರೂ ಒಂದೇ ಮನೆಯಲ್ಲಿ. ಅವನಿಗೆ ಹೆದರಿಕೆ, ನನಗಿಲ್ಲ.

ಪಾರ್ವತಿಬಾಯಿಯ ಕಣ್ಣುಗಳು ತುಂಬಿದವು. ಮರುಕ್ಷಣ ಅವು ಕಿಟಕಿಯ ಹೊರಗೆ ನೆಟ್ಟವು. ಸಂಪದಾ ತಿರುಗಿದಳು. ಫುಟ್‌ಪಾತಿನಲ್ಲಿ ಬೈಕಿನ ಪಕ್ಕ ಚೇತನ ನಿಂತಿದ್ದ. ಅವ್ವನ ಮೆಸೇಜ್ ನೋಡಿ, ಡ್ಯೂಟಿ ಮುಗಿಸಿ ಹುಡುಕಿಕೊಂಡು ಬಂದಿದ್ದ. ಎಲ್ಲವನ್ನೂ ನೋಡಿದ್ದ.

ಬಸ್ಸು ಹೊರಟಿತು. ಅವನು ಓಡಿ ಹತ್ತಿದ. ಜನರ ನಡುವೆ ನುಸುಳಿ ಅವಳ ಸೀಟಿನ ಬಳಿ ಬಂದು ಏದುಸಿರು ಬಿಡುತ್ತ ನಿಂತ.

"ನನಗ ಹೆದರಿಕಿ ಐತಿ, ಖರೇ," ಎಂದ. "ನಿಮ್ಮ ರೂಢಿ ನನಗೂ ಆಗೇತಿ. ಅವ್ವಗಿಂತ ಮೊದಲ ಆಗೇತಿ. ಲಗ್ನ ಆಗ್ತೀರೇನು?"

ಸಂಪದಾ ಅವನಿಗೊಬ್ಬನಿಗೇ ಕೇಳುವಂತೆ ಹೇಳಲಿಲ್ಲ. ಇಬ್ಬರಿಗೂ ಕಾಣುವಂತೆ ಕೈಯಲ್ಲಿ ಹೇಳಿದಳು: ಆಗುತ್ತೇನೆ.

"ಎಕ್ಕಡಿಕಿ?" ಎಂದ ಕಂಡಕ್ಟರ್.

ಚೇತನ ಎಲ್ಲಿಗೆಂದು ಹೇಳಲು ಬಾಯಿ ತೆರೆದು, ಹಾಗೇ ನಿಂತ. "ನನ್ನ ಬೈಕ್ ಕೋಠ್ಯಾಗ ಉಳೀತು."

ತುಟಿ ಓದಿದ ಪಾರ್ವತಿಬಾಯಿ ಇಬ್ಬರನ್ನೂ ಬೆನ್ನು ತಟ್ಟಿ ಮುಂದಿನ ಸ್ಟಾಪಿನಲ್ಲಿ ಇಳಿಸಿಬಿಟ್ಟರು. ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ತಾವು ನೆಟ್ಟಗೆ ಕುಳಿತರು. ಬಸ್ಸು ಚಲಿಸುವಾಗ ಕಿಟಕಿಯಿಂದ ಕೈಯಾಡಿಸಿ ಏನೋ ಹೇಳಿದರು.

ಚೇತನ ಅರ್ಥ ಹೇಳಲು ಹೊರಟ. ಸಂಪದಾ ತಡೆದಳು.

"ನನಗ ತಿಳೀತು. ಸಂಜೀಕೆ ಅಜ್ಜೀನ್ನ ಊಟಕ್ಕ ಕರಕೊಂಡು ಬಾ ಅಂದ್ರು."

ಅವನು ಹೌದೆಂದು ತಲೆಯಾಡಿಸಿ ಅವಳ ಕೈ ಹಿಡಿದುಕೊಂಡ. ಇಬ್ಬರೂ ಕೋಠಿಯ ಕಡೆ ಹೆಜ್ಜೆ ಹಾಕಿದರು.