ಪರದೆಯ ಮೇಲೊಂದು ‘ಬೇಡ’

ಗೂಬೆಯ ಉತ್ತರದಲ್ಲಿ ಇದ್ದದ್ದು ಇಷ್ಟೇ: ‘ಜಾಗ ಇಲ್ಲ.’

ಗೀಚು ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿದಳು. ತಡೆಯಲಾಗದೆ ಮತ್ತೆ ತೆರೆದಳು. ಆಫೀಸಿನ ಕೆಲಸ ಮುಗಿಸಿ ಬಂದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಡಿಸೈನಿಗೆ ಜಾಗ ಇಲ್ಲವಂತೆ.

ಮಾತು ಕಳೆದುಕೊಂಡವರಿಗಾಗಿ ಇರುವ ಉಚಿತ ತಂತ್ರಾಂಶ ಅದು. ಪರದೆಯ ಮೇಲಿನ ಚೌಕವನ್ನು ಒತ್ತಿದರೆ ಅದರೊಳಗಿನ ಪದವನ್ನು ಯಂತ್ರ ಗಟ್ಟಿಯಾಗಿ ಹೇಳುತ್ತದೆ. ಅದರ ಕೋಡ್ ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ತಿದ್ದಿದ್ದನ್ನು ಒಪ್ಪುವುದು ಬಿಡುವುದು ಮಾತ್ರ ಮೊದಲು ಬರೆದವನ ಕೈಯಲ್ಲಿ. ಅವನು ಅಲ್ಲಿ ಗೂಬೆ, ಅವಳು ಗೀಚು. ಒಬ್ಬರ ಸ್ವಂತ ಹೆಸರನ್ನು ಇನ್ನೊಬ್ಬರು ಕೇಳಿರಲಿಲ್ಲ.

ಅವಳು ಬಣ್ಣ ಬದಲಿಸಿದಾಗ, ‘ಬಣ್ಣದ ವಿಷಯದಲ್ಲಿ ನಾನು ಕುರುಡು ಕೋಣ, ನೀವು ಹೇಳಿದ್ದೇ ಸರಿ’ ಎಂದು ಬರೆದಿದ್ದ. ಅಕ್ಷರ ದೊಡ್ಡದು ಮಾಡಿದಾಗ, ‘ನಮ್ಮ ಕಿವುಡಜ್ಜನಿಗೂ ಕೇಳಿಸೋ ಅಷ್ಟು ದಪ್ಪ ಇದೆ’ ಎಂದಿದ್ದ. ಆ ಸಾಲುಗಳಿಗಾಗಿ ಅವಳು ಕಾಯತೊಡಗಿದ್ದಳು. ಈಗ ‘ಹೌದು’ ಎಂಬುದರ ಜೊತೆಗೆ ‘ಬೇಡ’ ಎಂದೂ ಒಂದು ಚೌಕ ಇಡೋಣ ಎಂದದ್ದೇ ತಡ, ಬಾಗಿಲು ಹಾಕಿಕೊಂಡಿದ್ದ.

‘ನೀರಿಗೆ ಜಾಗ ಇದೆ, ದಿಂಬಿಗೆ ಜಾಗ ಇದೆ. ಬೇಡ ಅನ್ನೋಕೆ ಇಲ್ವಾ?’ ಎಂದು ಅವಳು ಬರೆದಳು.

ಬಹಳ ಹೊತ್ತಿನ ಮೇಲೆ ಒಂದು ವಿಳಾಸ ಬಂತು. ‘ಬಂದು ನೋಡಿ.’

ರಜೆ ಹಾಕಿ ಬಸ್ಸು ಹತ್ತಿದಳು.

ಬಾಗಿಲು ತೆರೆದವನ ಅಂಗಿಯ ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿತ್ತು.

“ನೀವೇನಾ ಗೂಬೆ?”

“ಹಗಲು ಹೊತ್ತು ಇಷ್ಟೇ ಕಾಣೋದು,” ಎಂದ. ಅವನ ನೋಟ ಅವಳ ಇಂಕು ಮೆತ್ತಿದ ಬೆರಳುಗಳಿಗೆ ಇಳಿಯಿತು. “ಕೈ ಮೇಲೂ ಗೀಚ್ಕೋತೀರಾ?”

ಅವಳು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಅವನು ನಕ್ಕ. ನಗು ಕಣ್ಣಿನವರೆಗೆ ಹೋಗಲಿಲ್ಲ.

ಒಳಗೆ, ಕಿಟಕಿಯ ಪಕ್ಕದ ಮಂಚದಲ್ಲಿ ಅವನ ಅಕ್ಕ ಮಲಗಿದ್ದಳು. ಕಾಯಿಲೆ ಮೊದಲು ನಾಲಿಗೆಯನ್ನು, ಆಮೇಲೆ ಕಾಲುಗಳನ್ನು ತೆಗೆದುಕೊಂಡಿತ್ತು. ಉಳಿದದ್ದು ಬಲಗೈಯ ತೋರುಬೆರಳು. ಅದರ ಕೆಳಗೆ ಟ್ಯಾಬ್ಲೆಟ್. ಇನ್ನು ಉಸಿರಿನ ಸರದಿ. ಗಂಟಲು ಕೊರೆದು ನಳಿಗೆ ಇಟ್ಟು ಯಂತ್ರಕ್ಕೆ ಜೋಡಿಸಬೇಕೆ ಎಂದು ತೀರ್ಮಾನಿಸಲು ಸಂಜೆ ಡಾಕ್ಟರು ಬರುವವರಿದ್ದರು.

“ಅಕ್ಕನ ಬೆರಳಿಗೆ ಒಂದೊಂದು ಚೌಕದ ಜಾಗಾನೂ ಬಾಯಿಪಾಠ. ಬದಲಾಯಿಸಿದ್ರೆ ತಡಕಾಡ್ತಾಳೆ. ಅದಕ್ಕೇ ಜಾಗ ಇಲ್ಲ ಅಂದಿದ್ದು.”

ಗೀಚುಗೆ ನಾಚಿಕೆಯಾಯಿತು. ಕ್ಷಮೆ ಕೇಳಲು ಬಾಯಿ ತೆರೆದವಳು ಪರದೆಯತ್ತ ಬಾಗಿದಳು. ಮೂಲೆಯಲ್ಲಿ ಒಂದು ಚೌಕ ಖಾಲಿಯಿತ್ತು.

“ಬೇಡ ಅನ್ನೋದನ್ನ ಇವರು ಹೇಗೆ ಹೇಳ್ತಾರೆ?”

“ಅಕ್ಷರ ಕೂಡಿಸೋ ಪುಟ ಇದೆ, ಒಂದು ಪದಕ್ಕೇ ಸುಸ್ತಾಗ್ತಾಳೆ. ಹೌದು ಅಂತ ಒತ್ತದಿದ್ರೆ ಬೇಡ ಅಂತ.”

“ಸುಮ್ನಿರೋರು ದಣಿದಿರಬಹುದು. ನಿದ್ದೆ ಬಂದಿರಬಹುದು. ಸುಮ್ನಿರೋದು ಹೇಗ್ರೀ ಉತ್ತರ ಆಗುತ್ತೆ?”

ಅವನು ಪರದೆಯನ್ನು ಸರಿಸುವ ನೆಪದಲ್ಲಿ ಮುಖ ತಿರುಗಿಸಿದ.

“ಖಾಲಿ ಚೌಕದಲ್ಲೇ ಹಾಕ್ತೀನಿ. ಬೇರೆ ಯಾವುದೂ ಅಲುಗಾಡಲ್ಲ. ಒಂದ್ಸಲ ಪರೀಕ್ಷೆ ಮಾಡೋಣ. ಆಮೇಲೆ ನಿಮ್ಮಿಷ್ಟ.”

ಅಕ್ಕ ತಮ್ಮನನ್ನೇ ನೋಡುತ್ತಿದ್ದಳು. ಅವನು ಹೂಂ ಎನ್ನಲೇಬೇಕಾಯಿತು. ಗೀಚು ಆ ಟ್ಯಾಬ್ಲೆಟ್ಟಿನ ಖಾಲಿ ಚೌಕದಲ್ಲಿ ಸದ್ಯಕ್ಕೆ ‘ಬೇಡ’ ತುಂಬಿದಳು.

ಗೀಚುವಿನ ಡಿಸೈನ್ ಕಸುಬಿನಲ್ಲಿ ಇಂಥ ಪರೀಕ್ಷೆಗೆ ಒಂದು ಕಟ್ಟಳೆಯಿದೆ. ಬಳಸುವವರು ಎಡವಿದರೂ, ಬೆವರಿದರೂ ನೆರವಿಗೆ ಹೋಗಬಾರದು, ಸುಮ್ಮನೆ ಕೂತು ನೋಡಬೇಕು.

“ಅಕ್ಕಾ, ಫ್ಯಾನ್ ಹಾಕ್ಲಾ?” ಎಂದು ಅವಳು ಕೇಳಿದಳು.

ಬೆರಳು ತೆವಳಿತು. ಚೌಕದ ಅಂಚಿಗೆ ಬಂದು ನಡುಗಿತು, ಜಾರಿತು. ಗೂಬೆ ಮುಂದೆ ಬಾಗಿದ. ಗೀಚು ಅವನ ಮಣಿಕಟ್ಟು ಹಿಡಿದುಕೊಂಡಳು. ಅಲ್ಲಿ ನಾಡಿ ಓಡುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

‘ಬೇಡ,’ ಎಂದಿತು ಟ್ಯಾಬ್ಲೆಟ್.

“ರೇಡಿಯೋ?”

‘ಬೇಡ.’

“ಇವ್ರ ಅಡುಗೆ?”

‘ಬೇಡ ಬೇಡ ಬೇಡ.’

“ಲೇ ಅಕ್ಕಾ!” ಎಂದ ಅವನು. ಈ ಸಲ ನಗು ಕಣ್ಣಿಗೂ ಹೋಯಿತು. ಅಕ್ಕನ ಕಣ್ಣೂ ಮಿನುಗಿತು. ಆಮೇಲೆ ಆ ಕಣ್ಣು ಮೇಜಿನ ಮೇಲಿನ ಆಸ್ಪತ್ರೆಯ ಫೈಲಿನ ಕಡೆ ಹೊರಳಿ, ಅಲ್ಲೇ ನಿಂತಿತು. ಬೆರಳು ಒತ್ತಿತು.

‘ಬೇಡ.’

ಅವನು ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋದ.

ಗೀಚು ಹಿಂದೆಯೇ ಹೋದಾಗ ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

“ಗೊತ್ತಿತ್ತು ನಂಗೆ,” ಎಂದ ಬೆನ್ನು ಮಾಡಿಯೇ. “ಅವ್ಳಿಗೆ ಆ ಪದ ಸಿಕ್ರೆ ಯಾವುದಕ್ಕೆ ಹೇಳ್ತಾಳೆ ಅಂತ. ಬೇಕಂತ್ಲೇ ಹಾಕಿರಲಿಲ್ಲ. ಅಮ್ಮ ಹೋದ್ಮೇಲೆ ನನ್ನನ್ನ ಸಾಕಿದವಳು ಕಣ್ರೀ. ನಿಮಗೇನು, ಗೀಚಿಬಿಟ್ಟು ಬಸ್ ಹತ್ತಿ ಹೋಗ್ತೀರ.”

“ಒಂದು ಚೌಕಕ್ಕೋಸ್ಕರ ಯಾರೂ ಇಷ್ಟು ದೂರ ಬರಲ್ಲ.”

ಅವನು ತಿರುಗಿದ.

“ನಿಮ್ಮ ತಲೆಹರಟೆ ಉತ್ತರ ಬರದ ದಿನ ನಂಗೆ ಊಟ ಸೇರಲ್ಲ. ಇಷ್ಟ ನೀವು. ಹೇಳೋ ಗಳಿಗೆ ಇದಲ್ಲ, ಗೊತ್ತು.”

“ಇಷ್ಟ ಇದ್ದೂ ಇದನ್ನ ಮಾಡಿದ್ರಾ?”

“ಮಾಡಿದೆ.”

ಅವನು ನಲ್ಲಿ ನಿಲ್ಲಿಸಿದ. ಆಚೆ ಕೋಣೆಯಿಂದ ಅಕ್ಕನ ಉಸಿರು, ಒದ್ದೆ ಬಟ್ಟೆ ಎಳೆದಂತೆ, ಕೇಳುತ್ತಿತ್ತು. ಅವನು ಅದನ್ನು ಕೇಳುತ್ತ ನಿಂತ. ಆಮೇಲೆ ಲ್ಯಾಪ್‌ಟಾಪ್ ತೆರೆದು ಗೀಚುವಿನ ತಿದ್ದುಪಡಿಗೆ ಒಪ್ಪಿಗೆ ಒತ್ತಿದ. ಅದರ ಪಕ್ಕದಲ್ಲಿ ಈ ಸಲ ಏನನ್ನೂ ಬರೆಯಲಿಲ್ಲ.

ಸಂಜೆ ಬಂದ ಡಾಕ್ಟರು, “ಅವರದೇ ಉತ್ತರ ಬೇಕು. ಇಲ್ಲಾಂದ್ರೆ ತಮ್ಮನಾಗಿ ನೀವು ಸಹಿ ಹಾಕಿ,” ಎಂದರು.

“ನಾನೇ ಕೇಳ್ತೀನಿ.” ಅವನು ಮಂಚದ ಬಳಿ ಮಂಡಿಯೂರಿದ. “ಅಕ್ಕಾ, ನಳಿಗೆ ಹಾಕಿಸೋಣ್ವಾ? ಹಾಕಿಸಿದ್ರೆ ಇನ್ನೂ ಸ್ವಲ್ಪ ವರ್ಷ ಇರ್ತೀಯ. ಹಾಕಿಸದಿದ್ರೆ...” ಮಂಚದ ಅಂಚು ಹಿಡಿದುಕೊಂಡು ಮುಗಿಸಿದ. “ಹಾಕಿಸದಿದ್ರೆ ಇರಲ್ಲ.”

ಬೆರಳು ‘ಹೌದು’ ಎಂಬುದರ ಮೇಲೆ ಬಂದು ನಿಂತಿತು. ಅದು ಅಲ್ಲಿ ಸುಧಾರಿಸಿಕೊಂಡು ಮುಂದೆ ಹೋಯಿತು.

‘ಬೇಡ.’

ನೀರು ಕೇಳುವಾಗಿನ ಅದೇ ದನಿಯಲ್ಲಿ ಯಂತ್ರ ಹೇಳಿತು. ಡಾಕ್ಟರು ಬರೆದುಕೊಂಡು, ಅವನ ಹೆಗಲು ಮುಟ್ಟಿ ಹೊರಟರು.

ಅಕ್ಕನ ಬೆರಳು ಇನ್ನೂ ಚಲಿಸುತ್ತಿತ್ತು. ಅಕ್ಷರಗಳ ಪುಟ ತೆರೆದು ಒಂದೊಂದಾಗಿ ಕೂಡಿಸುತ್ತಿದ್ದಳು. ಇಬ್ಬರೂ ನೆರವಿಗೆ ಹೋಗದೆ ಕಾದರು.

‘ಹುಡುಗಿಗೆ ಟೀ ಕೊಟ್ಟೆಯೇನೋ ಪೆದ್ದ?’

ಅವನು ಎದ್ದ. ಒಲೆಯ ಮೇಲೆ ಪಾತ್ರೆ ಇಟ್ಟು, ಹಿಂದೆ ಬಂದ ಗೀಚುವಿನತ್ತ ನೋಡದೆ ಕೇಳಿದ, “ಇರ್ತೀಯಾ? ಇನ್ನು ಮುಂದೆ... ಕಷ್ಟ ಆಗುತ್ತೆ ಇಲ್ಲಿ.”

“ಇರ್ತೀನಿ.”

ನೀರು ಕುದಿಯುವುದನ್ನು ಕಾಯುತ್ತ, ಹೆಗಲಿಗೆ ಹೆಗಲು ತಾಗಿಸಿ ಇಬ್ಬರೂ ನಿಂತರು. ಅವನು ಅತ್ತ. ಅಳಬೇಡ ಎಂದು ಅವಳು ಹೇಳಲಿಲ್ಲ.