ಅವರ ಬಾಯಲ್ಲಿ ನನ್ನ ಮಾತು

"ಆ ಕಾಗದ ಇತ್ತ ಕೊಡಿ," ಎಂದು ಮೇಷ್ಟ್ರು ಕೈ ಚಾಚಿದ.

"ಕೊಡಲ್ಲ!"

ಅವಳು ಹಾಳೆಯನ್ನು ಎದೆಗವಚಿಕೊಂಡಳು. ಕಾರ್ಮಿಕ ಸಂಘದ ಕಚೇರಿಯ ಮಹಡಿಯಲ್ಲಿ, ಬೆಂಚುಗಳ ಮೇಲೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಎಲ್ಲರೂ ದೊಡ್ಡಾಸ್ಪತ್ರೆಯ ಲಾಂಡ್ರಿಯವರು. ರೋಗಿಗಳ ಹಾಸುಬಟ್ಟೆ ಒಗೆದು, ಒಣಗಿಸಿ, ಮಡಿಸುವವರು.

ಲಾಂಡ್ರಿಯ ಪಕ್ಕದಲ್ಲಿ ಅವರ ಮಕ್ಕಳನ್ನು ಆಡಿಸಿ ಮಲಗಿಸಲು ಒಂದು ಕೋಣೆಯಿತ್ತು. ಎಲ್ಲರೂ ಕೂಸಿನ ಕೋಣೆ ಎನ್ನುತ್ತಿದ್ದರು. ಅದನ್ನು ಮುಚ್ಚಿ ಅಲ್ಲಿ ಹೊಸ ಯಂತ್ರ ಇಡಬೇಕೆಂದು ಆಸ್ಪತ್ರೆಯ ಆಡಳಿತಾಧಿಕಾರಿ ಹಟ ಹಿಡಿದಿದ್ದ. ತೀರ್ಮಾನಕ್ಕೆ ಆಡಳಿತ ಮಂಡಳಿ ಬಹಿರಂಗ ಸಭೆ ಕರೆದಿತ್ತು. ಅಧಿಕಾರಿಯ ಕಡೆಯಿಂದ ಒಬ್ಬರು, ಲಾಂಡ್ರಿಯ ಕಡೆಯಿಂದ ಒಬ್ಬರು ಮಾತಾಡಬೇಕು.

ಲಾಂಡ್ರಿಯವರು ಅವಳನ್ನು ಆರಿಸಿದ್ದರು. ಜಗಳಕ್ಕಿಳಿದರೆ ಅವಳೆದುರು ಯಾರೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಪಟಾಕಿ ಎಂಬ ಅಡ್ಡಹೆಸರು.

"ನಮ್ಮ ಪಟಾಕಿ ಲಾಂಡ್ರೀಲಿ ಢಂ ಅನ್ನತ್ತೆ, ಮೈಕ್ ಮುಂದೆ ಟುಸ್ ಅನ್ನತ್ತೆ ಮೇಷ್ಟ್ರೇ!" ಎಂದಳು ಅವರಲ್ಲೆಲ್ಲ ಹಿರಿಯಳಾದ ದೊಡ್ಡಕ್ಕ.

ಭಾಷಣ ಕಲಿಸಲು ಸಂಘ ಕರೆಸಿದ್ದ ಮೇಷ್ಟ್ರು ಮಾತ್ರ ನಗಲಿಲ್ಲ.

"ಓದ್ಬೇಡಿ. ನೀವು ಕಾಗದ ನೋಡಿದ್ರೆ ಜನಕ್ಕೆ ನಿಮ್ಮ ನೆತ್ತಿ ಕಾಣತ್ತೆ, ಮುಖ ಕಾಣಲ್ಲ. ಕೊನೇ ಬೆಂಚಲ್ಲಿ ಒಬ್ಬರನ್ನ ಆರಿಸ್ಕೊಳ್ಳಿ. ಅವರೊಬ್ಬರಿಗೇ ಹೇಳಿ."

ಅವಳು ಕೊನೆಯ ಬೆಂಚು ನೋಡಲಿಲ್ಲ. ಅವನನ್ನೇ ನೋಡಿದಳು. ಕಾಗದ ಯಾವಾಗ ಕೈಜಾರಿತೋ ಅವಳಿಗೇ ತಿಳಿಯಲಿಲ್ಲ...

ಅಂದಿನಿಂದ ಪ್ರತಿ ಸಂಜೆ ಪಾಠ.

"ಮಾನ್ಯರೇ, ಗಣ್ಯರೇ ಅಂತ ರಾಗ ಎಳೀಬೇಡಿ. ನಡೆದ ಒಂದು ವಿಷಯದಿಂದ ಶುರು ಮಾಡಿ. ಭಾರದ ಮಾತು ಬಂದ ಮೇಲೆ ಒಂದು ಉಸಿರಿನಷ್ಟು ಸುಮ್ಮನಿರಿ. ಆ ಮೌನಾನೂ ಮಾತೇ."

"ಸುಮ್ಮನಿದ್ರೆ ಮರೆತುಬಿಟ್ಲು ಅಂದ್ಕೊಳ್ಳಲ್ವಾ?"

"ಹೆದರಿದವರು ಓಡ್ತಾರೆ. ಮಾತಿನ ಮೇಲೆ ಹಿಡಿತ ಇರೋರು ನಿಲ್ತಾರೆ."

ಯಾರೂ ಅವಳ ಮಾತನ್ನು ಹೀಗೆ ಕಿವಿಗೊಟ್ಟು ಕೇಳಿರಲಿಲ್ಲ. 'ಇವನಿಗೆ ಬೇಕಾಗಿರೋದು ನನ್ನ ಮಾತಾ, ನಾನಾ?' ಅಂದುಕೊಂಡು ತನಗೆ ತಾನೇ ನಾಚಿದಳು. ನೀವು ಅನ್ನುತ್ತಿದ್ದವರು ನೀನು ಅನ್ನತೊಡಗಿದರು. ಮಹಡಿ ಮೆಟ್ಟಿಲು ಇಳಿಯಲು ಇಬ್ಬರಿಗೂ ಬಹಳ ಹೊತ್ತು ಹಿಡಿಯುತ್ತಿತ್ತು.

ಆ ಮೆಟ್ಟಿಲ ಮೇಲೆಯೇ ಒಂದು ಸಂಜೆ ಅವಳು ಹೇಳಿದಳು.

"ನಾನು ಆಗಷ್ಟೇ ನಡೆಯೋಕೆ ಕಲಿತಿದ್ದೆನಂತೆ. ಕೂಸಿನ ಕೋಣೆ ಇನ್ನೂ ಇರ್ಲಿಲ್ಲ. ಅಮ್ಮ ನನ್ನನ್ನ ಕೊಳೆ ಬಟ್ಟೆ ಗಾಡೀಲಿ ಮಲಗಿಸಿ ಕೆಲಸ ಮಾಡ್ತಿದ್ಲು. ಒಂದಿನ ಇನ್ನೊಬ್ಬಳು ನೋಡ್ದೆ ಆ ಗಾಡಿ ತಳ್ಕೊಂಡು ಹೋಗಿ ಯಂತ್ರದ ಬಾಯಿಗೆ ಸುರಿಯೋಕೆ ಎತ್ತಿದ್ಲು... ನಾನು ಕಿರುಚಿದೆ."

ಅವನು ಅವಳತ್ತ ತಿರುಗಿ ಕೂತ.

"ಆಮೇಲೇ ಹೆಂಗಸರೆಲ್ಲ ಸೇರಿ ಜಗಳ ಮಾಡಿ ಕೋಣೆ ತಗೊಂಡ್ರು. ಯಾಕೆ ಅಂತ ಮಾತ್ರ ಇವತ್ತಿಗೂ ಯಾರೂ ಹೊರಗೆ ಬಾಯಿ ಬಿಟ್ಟಿಲ್ಲ. ಕೆಟ್ಟ ತಾಯಿ ಅಂತಾರೆ ಅಂತ ಅಮ್ಮನಿಗೆ ಭಯ."

"ಇದೇ ನಿನ್ನ ಶುರು!" ಅವನ ಕಣ್ಣು ಹೊಳೆಯಿತು. "ಇಷ್ಟು ಒಳ್ಳೇ ಶುರು ನಾನು ಕೇಳೇ ಇಲ್ಲ!"

"ಮೊದ್ಲು ಅಮ್ಮನ್ನ ಕೇಳ್ಬೇಕು. ಅಲ್ಲೀವರೆಗೆ ಇದು ನಮ್ಮಿಬ್ಬರದು."

"ನಮ್ಮಿಬ್ಬರದೇ," ಎಂದು ಅವಳ ಕೈ ಹಿಡಿದ.

ಕೇಳಿದರೆ ಅಮ್ಮ ಎಷ್ಟೋ ದಿನ ಒಪ್ಪಲಿಲ್ಲ. ಸಭೆಯ ದಿನ ಬೆಳಗ್ಗೆ ತಾನೇ ಬಂದು, "ಹೇಳು ಕಂದಾ. ನಾನೂ ಬಂದು ಕೂತ್ಕೋತೀನಿ," ಎಂದಳು.

ಸಭಾಂಗಣ ತುಂಬಿತ್ತು. ಮೊದಲು ಆಡಳಿತಾಧಿಕಾರಿ ಎದ್ದ. ಕೈಯಲ್ಲಿ ಕಾಗದವಿರಲಿಲ್ಲ. ನಮಸ್ಕಾರವನ್ನೂ ಹೇಳಲಿಲ್ಲ. ಕೊನೆಯ ಸಾಲಿನಲ್ಲಿ ಯಾರನ್ನೋ ನೋಡುತ್ತ ಶುರುಮಾಡಿದ.

"ಒಂದು ಮಗು, ಕೊಳೆ ಬಟ್ಟೆಯ ಗಾಡಿಯಲ್ಲಿ ಮಲಗಿತ್ತು."

ಒಂದು ಉಸಿರಿನಷ್ಟು ಮೌನ.

ಅವಳು ಅರ್ಧ ಎದ್ದಳು. 'ಇದು ನನ್ನದು... ಇದು ನನ್ನದಲ್ವಾ?'

ಕತ್ತು ತಿರುಗಿಸಿದಳು. ಅಧಿಕಾರಿಗಳ ಸಾಲಿನಲ್ಲಿ ಮೇಷ್ಟ್ರು ಕೂತಿದ್ದ. ಆಡಳಿತಾಧಿಕಾರಿಯ ಒಂದೊಂದು ಮಾತಿಗೂ, ಪಾಠ ಒಪ್ಪಿಸುವ ಶಿಷ್ಯನೆದುರು ಕೂತ ಗುರುವಿನಂತೆ, ಅವನ ತುಟಿ ಅಲುಗುತ್ತಿತ್ತು. ಅವಳನ್ನು ಕಂಡೊಡನೆ ತುಟಿ ನಿಂತಿತು.

"ಯಂತ್ರದ ಬಾಯಿಗೆ ಬೀಳೋದ್ರಲ್ಲಿತ್ತು! ಯಾಕೆ? ತಾಯಿಯ ಬೇಜವಾಬ್ದಾರಿ! ಇಂಥ ತಾಯಂದಿರಿಂದ ಮಕ್ಕಳನ್ನ ಕಾಪಾಡಬೇಕು. ಲಾಂಡ್ರಿ ಹತ್ತಿರ ಮಕ್ಕಳೇ ಇರಬಾರದು. ಕೋಣೆ ಮುಚ್ಚೋಣ."

ಚಪ್ಪಾಳೆ! ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಸೂಟು ತೊಟ್ಟವರ ಬಾಯಿಗೆ ದುಡಿಯುವವರ ಸಂಕಟ ಎಂಥ ಒಳ್ಳೆಯ ಉದಾಹರಣೆ! ಬದುಕಿದವರಿಗೆ ಅದು ಉದಾಹರಣೆಯಲ್ಲ, ಮೈಮೇಲೆ ಎಳೆದ ಬರೆ.

ಅವಳ ಸರದಿ ಬಂತು. ಮೈಕ್ ಮುಂದೆ ನಿಂತಳು. ಒಂದು ಉಸಿರು ಕಳೆಯಿತು, ಇನ್ನೊಂದು ಕಳೆಯಿತು... ಕಲಿತದ್ದೆಲ್ಲ ಕಳ್ಳಮಾಲಿನಂತೆ ಕಂಡು ಹೇಸಿಗೆಯಾಯಿತು. ಜನ ಪಿಸುಗುಟ್ಟತೊಡಗಿದರು.

ಅವಳು ಮೈಕ್ ಬಿಟ್ಟು ಕೆಳಗಿಳಿದಳು. ನೇರ ಅಮ್ಮನ ಬಳಿ ಹೋಗಿ, ಮುಖದ ಮೇಲಿನ ಕೈ ಬಿಡಿಸಿ, ಅದನ್ನು ಹಿಡಿದುಕೊಂಡೇ ಕೂಗಿದಳು.

"ಆ ಮಗು ನಾನು! ಆ ಬೇಜವಾಬ್ದಾರಿ ತಾಯಿ ಇವಳು! ಸಾಹೇಬ್ರು ಅರ್ಧ ಮಾತ್ರ ಹೇಳಿದ್ರು. ಆವತ್ತು ಕೋಣೆ ಇರ್ಲಿಲ್ಲ! ಇದ್ದಿದ್ರೆ ನಾನ್ಯಾಕೆ ಗಾಡೀಲಿ ಮಲಗ್ತಿದ್ದೆ? ಕೋಣೆ ಮುಚ್ಚಿದ್ರೆ ಮಕ್ಕಳು ಮಾಯ ಆಗಲ್ಲ ಸ್ವಾಮಿ, ಗಾಡಿಗೇ ವಾಪಸ್ ಬರ್ತಾರೆ! ಆಗ ಕಿರುಚಿದ್ದು ನಿಮಗೆ ಕೇಳಿಸತ್ತಾ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಮಂಡಳಿಯವರು ಒಬ್ಬೊಬ್ಬರಾಗಿ ಕೈ ಎತ್ತಿದರು. ಕೋಣೆ ಉಳಿಯಿತು.

ಹೊರಗೆ ದೊಡ್ಡಕ್ಕ ಅವಳನ್ನು ತಬ್ಬಿ ಅಳುತ್ತಿದ್ದಾಗ ಅವನು ಓಡಿಬಂದ.

"ಸಾಹೇಬ್ರಿಗೂ ನೀನೇ ಕಲಿಸಿದ್ಯಾ?"

"ಅದು ನನ್ನ ಕೆಲಸ... ಯಾರು ಕರೆದ್ರೂ ಕಲಿಸ್ತೀನಿ. ಒಂದು ಕಡೆ ಕೇಳಿದ ಒಳ್ಳೇ ಮಾತನ್ನ ಇನ್ನೊಂದು ಕಡೆ ಮಾದರಿ ಅಂತ ಹೇಳೋದು ನನ್ನ ಅಭ್ಯಾಸ. ಅಷ್ಟು ಚೆನ್ನಾಗಿತ್ತು ಅದು... ನಿನ್ನ ಹೆಸರು ಹೇಳ್ಲಿಲ್ಲ, ನಿಜವಾಗ್ಲೂ!"

"ಹೆಸರೊಂದು ಬಿಟ್ಟು ಎಲ್ಲಾ ಕೊಟ್ಟುಬಿಟ್ಟೆ!"

"ಅವರು ಅದನ್ನ ಹೀಗೆ ತಿರುಗಿಸ್ತಾರೆ ಅಂತ ಇವತ್ತು ಬೆಳಗ್ಗೆವರೆಗೂ ಗೊತ್ತಿರ್ಲಿಲ್ಲ."

"ಬೆಳಗ್ಗೆ ಗೊತ್ತಾಯ್ತಲ್ಲ! ಬಂದು ನನಗೆ ಹೇಳೋಕೆ ಏನಾಗಿತ್ತು?"

ಅವನು ಅವಳ ಕೈ ಹಿಡಿಯಲು ಬಂದ. ಅವಳು ಕೊಸರಿಕೊಂಡಳು.

"ಊರಿಗೆಲ್ಲ ಮಾತು ಕಲಿಸೋನೇ, ನನಗೊಂದು ಮಾತು ಹೇಳೋಕೆ ನಾಲಿಗೆ ಹೊರಳಲಿಲ್ವಾ? ಓದು ಬರಹ ಇಲ್ಲದ ಹೆಂಗಸರು ಇಷ್ಟು ವರ್ಷ ಬಾಯಿ ಕಟ್ಟಿ ಕಾಪಾಡಿದ್ದನ್ನ ನೀನು ಹೊಗಳಿ ಹೊಗಳಿ ಹಂಚಿದೆ. ಹೋಗು!"

ಅವನು ಹೋದ.

ಗೆದ್ದವಳೆಂದು ಎಲ್ಲರೂ ಅವಳನ್ನು ಕೊಂಡಾಡಿದರು. ಅವಳು ಮಾತ್ರ ಹಾಸುಬಟ್ಟೆ ಮಡಿಸುತ್ತ ಮಡಿಸುತ್ತ ಅದರಲ್ಲೇ ಕಣ್ಣೊರೆಸಿಕೊಂಡು, ಮತ್ತೆ ಕೊಳೆ ರಾಶಿಗೆ ಎಸೆಯುತ್ತಿದ್ದಳು. 'ಶತ್ರು ಕದ್ದಿದ್ರೆ ಕದ್ದ ಅಂತಿದ್ದೆ. ಇವನಿಗೆ ನಾನೇ ಕೈಯಾರೆ ಕೊಟ್ಟೆನಲ್ಲಾ...'

ಎಷ್ಟೋ ವಾರಗಳ ಮೇಲೆ ಒಂದು ಮಧ್ಯಾಹ್ನ, ಯಂತ್ರಗಳೆಲ್ಲ ಗುಡುಗುತ್ತಿದ್ದ ಹೊತ್ತಿನಲ್ಲಿ, ಲಾಂಡ್ರಿಯ ಬಾಗಿಲಲ್ಲಿ ಅವನು ನಿಂತಿದ್ದ. ಇಳಿದುಹೋಗಿದ್ದ. ಏನೋ ಹೇಳಿದ.

"ಕೇಳಿಸ್ತಿಲ್ಲ ಮೇಷ್ಟ್ರೇ!" ದೊಡ್ಡಕ್ಕ ಕೂಗಿದಳು. "ಹೊಟ್ಟೆಯಿಂದ ಮಾತಾಡಿ! ನೀವೇ ಹೇಳಿಕೊಟ್ಟಿದ್ದು!"

ಯಾರೂ ಯಂತ್ರ ನಿಲ್ಲಿಸಲಿಲ್ಲ. ನುಣ್ಣನೆಯ ದನಿಯ ಆ ಮನುಷ್ಯ ಕತ್ತಿನ ನರ ಉಬ್ಬುವಂತೆ ಕಿರುಚಿದ.

"ತಪ್ಪು ಮಾಡಿದೆ! ಆ ಮಾತು ನನ್ನದಲ್ಲ... ಅಂದ್ರೆ, ಕೊಡೋಕೆ ನನ್ನದಲ್ಲ! ಬೆಳಗ್ಗೆ ಗೊತ್ತಾದಾಗ ಹೆದರಿದೆ! ನೀನು ಬಿಟ್ಟುಹೋಗ್ತೀಯ ಅಂತ... ಹೇಡಿ ನಾನು!"

ಅವಳು ಬಟ್ಟೆ ಕೆಳಗಿಟ್ಟು ಅವನ ಮುಂದೆ ಬಂದು ನಿಂತಳು.

"ಮೊದ್ಲು ಅಮ್ಮನ ಹತ್ರ ಹೋಗು."

"ಅಲ್ಲಿಂದಲೇ ಬಂದೆ. ಬಾಗಿಲು ತೆಗೀಲಿಲ್ಲ. ಕಿಟಕಿ ಹತ್ರ ನಿಂತು ಹೇಳಿದೆ."

"ಏನಂದ್ಲು?"

"‘ಕೇಳಿಸ್ತು, ಹೋಗಪ್ಪ’ ಅಂದ್ರು."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಅಳು ಬಂತು. ಅವನನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ತಂತಿಯ ಮೇಲೆ ಬಿಳಿ ಬಟ್ಟೆಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು.

"ನಿನ್ನನ್ನ ಕಂಡ್ರೆ ಇನ್ನೂ ಮೈ ಉರಿಯತ್ತೆ, ಗೊತ್ತಾ? ಕಾಣದಿದ್ರೆ... ಅದಕ್ಕಿಂತ ಜಾಸ್ತಿ ಉರಿಯತ್ತೆ. ಅದೇ ನನ್ನ ಪೀಡೆ."

"ನಂದೂ ಒಂದು ಗುಟ್ಟಿದೆ," ಎಂದ. "ಯಾರಿಗೂ ಹೇಳದೇ ಇರೋದು. ನಿನಗೆ ಹೇಳಿಬಿಡ್ತೀನಿ. ಆಗ ಇಬ್ಬರೂ ಸಮ..."

ಅವಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು. ಒದ್ದೆ ಕೈ, ಸೋಪಿನ ವಾಸನೆ.

"ಬೇಡ. ಸರಿದೂಗಿಸೋಕೆ ಅಂತ ಹೇಳ್ಬೇಡ. ನಿನಗೇ ಹೇಳ್ಬೇಕು ಅನ್ನಿಸಿದ ದಿನ ಹೇಳು."

"ಆ ದಿನ ನೀನಿರ್ತೀಯಾ?"

ಗಾಳಿಗೆ ಹಾರಿದ ಬಟ್ಟೆಯೊಂದು ಇಬ್ಬರ ನಡುವೆ ಬಂತು. ಅದನ್ನು ಪಕ್ಕಕ್ಕೆ ಸರಿಸಿದಳು.

"ಕೋಪದಲ್ಲಿರ್ತೀನಿ," ಎಂದಳು. "ಆದ್ರೆ... ಇರ್ತೀನಿ ಕಣೋ."