ಒಂದೇ ಚಮಚ ಮೀನಿನ ಸಾಸ್

"ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಹಾಲು ಬೇಡ," ಎಂದು ಆ ಎತ್ತರದ ಹುಡುಗ ಒಂದೊಂದೇ ಬೆರಳು ಮಡಚುತ್ತಾ ಹೇಳಿದಾಗ ಊಟದಂಗಡಿ ನಡೆಸುವ ಫೈಲಿನ್‌ಗೆ ನಗು ತಡೆಯಲಾಗಲಿಲ್ಲ.

"ಮತ್ತೆ ಗಾಳಿ ಕುಡ್ಕೊಂಡು ಬದುಕ್ತೀರಾ?"

ಅವನೂ ನಕ್ಕ. ಹೆಸರು ಯೋನಾಸ್. ಅಪ್ಪ ಜರ್ಮನಿಯವನು, ಅಮ್ಮ ಥಾಯ್ಲೆಂಡಿನ ಇದೇ ತ್ರಾಂಗ್ ಊರಿನವಳು. ಥಾಯ್ ಮಾತನ್ನೆಲ್ಲ ಅಮ್ಮನ ಬಾಯಿಂದಲೇ ಕಲಿತವನಾದ್ದರಿಂದ, ಮಾತಿನ ಕೊನೆಗೆ ಹೆಂಗಸರು ಮಾತ್ರ ಸೇರಿಸುವ 'ಖಾ' ಸೇರಿಸಿ ಹೆಂಗಸರಂತೆ ಮಾತಾಡುತ್ತಿದ್ದ. ಪಕ್ಕದ ಹಣ್ಣಿನಂಗಡಿಯ ಉರೈ ದೊಡ್ಡಮ್ಮ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ, ಎಷ್ಟು ಮುದ್ದಾದ ಹುಡುಗಿ!" ಎಂದು ಕಿಸಕ್ಕನೆ ನಕ್ಕಳು.

ಅಂದು ಫೈಲಿನ್ ಬಡಿಸಿದ್ದು ಪಪ್ಪಾಯಿ ಕಾಯಿಯ ಹುಳಿಸಾರು, ಅನ್ನ, ಹುರಿದ ಅಲಸಂದೆ. ಮೊದಲ ತುತ್ತಿಗೇ ಅವನು ಕಣ್ಣು ಮುಚ್ಚಿದ. ರೆಪ್ಪೆಗಳು ಎಷ್ಟು ಉದ್ದವಿದ್ದವೆಂದರೆ, ಅವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

"ಥೇಟ್ ನಮ್ಮಮ್ಮನ ಕೈರುಚಿ," ಎಂದ. ಮೂರು ಸಲ ಹಾಕಿಸಿಕೊಂಡ.

ಸಾರಿನಲ್ಲಿ ಮೀನಿನ ಸಾಸ್, ಅಂದರೆ ಉಪ್ಪಿನಲ್ಲಿ ಮೀನು ಹುದುಗಿಸಿ ತೆಗೆದ ರಸ, ಇತ್ತು. ಮೋಸ ಮಾಡಬೇಕೆಂದು ಅವಳು ಹಾಕಿದ್ದಲ್ಲ, ದೇವರಾಣೆಗೂ. ಆ ಊರಲ್ಲಿ ಮೀನಿನ ಸಾಸನ್ನು ಮೀನು ಎಂದು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅದು ಉಪ್ಪು, ಅಷ್ಟೇ. ಮೀನು ಬೇಡ ಎಂದವನಿಗೆ ಮೀನಿನ ತುಂಡು ಹಾಕದಿದ್ದರೆ ಮುಗಿಯಿತು ಎಂದೇ ಅವಳ ತಿಳಿವಳಿಕೆ.

ಪ್ರವಾಸಕ್ಕೆಂದು ದ್ವೀಪವೊಂದಕ್ಕೆ ಹೋಗುವ ದಾರಿಯಲ್ಲಿ ಒಂದು ದಿನಕ್ಕೆಂದು ಇಳಿದವನು ಹೋಗಲೇ ಇಲ್ಲ. ದಿನಾ ಮಧ್ಯಾಹ್ನ ಬರುತ್ತಿದ್ದ. ಅಲಸಂದೆ ಮುರಿಯಲು ಕೂರುತ್ತಿದ್ದ, ಮುರಿದದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು. ಅವಳು ತಲೆಯೆತ್ತಿದರೆ ಥಟ್ಟನೆ ಕಾಯಿಯ ಕಡೆ ತಿರುಗುತ್ತಿದ್ದ.

"ಹುಳ ಇದೆಯಾ ಅಂತ ನೋಡ್ತಿದೀನಿ," ಎನ್ನುತ್ತಿದ್ದ.

"ನನ್ನ ಮುಖದಲ್ಲಾ?"

ಕಿವಿಯೆಲ್ಲ ಕೆಂಪು! ಆ ಕೆಂಪು ನೋಡಲೆಂದೇ ಅವಳು ದಿನಾ ಏನಾದರೊಂದು ಕೆಣಕುತ್ತಿದ್ದಳು.

ಒಂದು ದಿನ ಅವನೇ ಮಾತು ತೆಗೆದ. "ಎಲ್ಲಾ ಕಡೆ ಮೋಸ ಫೈಲಿನ್. ಸಸ್ಯಾಹಾರ ಅಂತಾರೆ, ಒಳಗೆ ಮೀನಿನ ಸಾಸ್ ಸುರೀತಾರೆ. ಅದೂ ಒಂದು ಜೀವ ಅಲ್ವಾ? ನಮ್ಮಮ್ಮನ ಬಿಟ್ರೆ ನಿಮ್ಮ ಕೈಯಡುಗೆನೇ ನಾನು ಕೇಳದೆ ತಿನ್ನೋದು."

ಫೈಲಿನ್ ಕೈಯಲ್ಲಿದ್ದ ಸೌಟನ್ನು ಸಾರಿನೊಳಗೇ ಬಿಟ್ಟಳು. "ಹೌದಾ," ಎಂದಳು, ಅಷ್ಟೇ.

ಮರುದಿನ ಬರೀ ಸೋಯಾ ಸಾಸ್ ಹಾಕಿ ಮಾಡಿದಳು. ಅವನು ತಿಂದ, ಚೆನ್ನಾಗಿದೆ ಎಂದ, ಅರ್ಧ ತಟ್ಟೆ ಬಿಟ್ಟ. ಆ ಅರ್ಧ ತಟ್ಟೆ ನೋಡಿ ಅವಳಿಗೆ ಅಳು ಬಂತು. ಅದರ ಮರುದಿನ ಒಲೆ ಮುಂದೆ ನಿಂತಾಗ, ಹಾಕಬಾರದು, ಹಾಕಬಾರದು ಎಂದು ಮನಸ್ಸು ಬೊಬ್ಬೆ ಹೊಡೆಯುತ್ತಿದ್ದರೂ ಕೈ ಕೇಳಲಿಲ್ಲ. ಒಂದೇ ಚಮಚ. ಅವನು ಮತ್ತೆ ಕಣ್ಣು ಮುಚ್ಚಿ ತಿಂದ. ಅವಳು ಒಳಗೆ ಹೋಗಿ ನೀರಿನ ಪೀಪಾಯಿ ಹಿಡಿದು ನಿಂತಳು.

"ಹೇಳಿಬಿಡೇ," ಎಂದಳು, ಅವಳಿಂದ ಎಲ್ಲ ಕೇಳಿ ತಿಳಿದ ಉರೈ ದೊಡ್ಡಮ್ಮ.

"ಹೇಳಿದ್ರೆ ಹೋಗ್ತಾನೆ."

"ಹೇಳದಿದ್ರೆ?"

"ಸಪ್ಪೆ ಮಾಡಿದ್ರೂ ಹೋಗ್ತಾನೆ, ಸಾಸ್ ಹಾಕ್ತಾ ಇದ್ರೆ ಪಾಪ ನನಗೆ. ನಾನೇನು ಮಾಡ್ಲಿ ದೊಡ್ಡಮ್ಮಾ?"

ದೊಡ್ಡಮ್ಮ ಒಂದು ಹಲಸಿನ ತೊಳೆ ಬಿಡಿಸಿ ಅವಳ ಬಾಯಿಗಿಟ್ಟಳು.

ಹೀಗೆ ಅತ್ತ ದರಿ ಇತ್ತ ಪುಲಿ ಎಂದು ಅವಳು ಒದ್ದಾಡುತ್ತಿರುವಾಗಲೇ ಯೋನಾಸ್ ಒಂದು ಮಧ್ಯಾಹ್ನ ಅಂಗಡಿ ಖಾಲಿಯಾಗುವವರೆಗೂ ಕಾದು ಕುಳಿತ.

"ದ್ವೀಪದ ಟಿಕೆಟ್ ಕ್ಯಾನ್ಸಲ್ ಮಾಡ್ದೆ."

"ಯಾಕೆ? ಸಮುದ್ರ ಜೋರಾಗಿದೆಯಾ?"

"ಸಮುದ್ರ ಸರಿಯಾಗೇ ಇದೆ. ನಾನೇ ಸರಿ ಇಲ್ಲ." ಕಿವಿ ಕೆಂಪಾಗಿತ್ತು, ಆದರೆ ಈ ಸಲ ಅವನು ನೋಟ ತಪ್ಪಿಸಲಿಲ್ಲ. "ನಿಮ್ಮನ್ನ ಬಿಟ್ಟು ಹೋಗಕ್ಕೆ ಆಗ್ತಿಲ್ಲ ಫೈಲಿನ್."

ಈ ಮಾತು ಕೇಳಲು ಅವಳು ಎಷ್ಟು ಕಾದಿದ್ದಳು! ಕೇಳಿದೊಡನೆ ಬಾಯಿಗೆ ಬಂದದ್ದು ಮಾತ್ರ ಬೇರೆ.

"ನಾನು ನಿಮಗೆ ಮೀನಿನ ಸಾಸ್ ಹಾಕಿದೀನಿ. ಮೊದಲು ಗೊತ್ತಿಲ್ದೆ ಹಾಕ್ದೆ. ಆಮೇಲೆ ಗೊತ್ತಿದ್ದೂ ಹಾಕ್ದೆ. ನೀವು ಅರ್ಧಕ್ಕೆ ಏಳೋದು ನೋಡಕ್ಕಾಗಲಿಲ್ಲ."

ಅವನು ಬಿಳುಚಿಕೊಂಡ. ಆಮೇಲೆ, ತನಗೇ ಹೇಳಿಕೊಳ್ಳುವಂತೆ, "ಆದ್ರೆ ಅದು ಅಮ್ಮನ ರುಚಿ..." ಎಂದವನು ಥಟ್ಟನೆ ನಿಲ್ಲಿಸಿದ. ಫೋನ್ ತೆಗೆದು ಜರ್ಮನಿಯಲ್ಲಿದ್ದ ಅಮ್ಮನಿಗೆ ಹಚ್ಚಿ ಮೇಜಿನ ಮೇಲಿಟ್ಟ.

"ಅಮ್ಮಾ, ಪಪ್ಪಾಯಿ ಸಾರಿಗೆ ನೀನು ಏನು ಹಾಕ್ತೀಯ?"

"ಉಪ್ಪು ಕಣೋ."

"ಎಂಥ ಉಪ್ಪು?"

ಆ ಕಡೆಯಿಂದ ಸಣ್ಣ ದನಿ: "ಯಾರು ಹೇಳಿದ್ರು ನಿಂಗೆ?"

"ಅಮ್ಮಾ!"

"ಸಪ್ಪೆ ಮಾಡಿದ್ರೆ ತಟ್ಟೆ ತಳ್ಳಿ ಏಳ್ತಿದ್ದೆ. ಕಡ್ಡಿ ಆಗ್ಹೋಗಿದ್ದೆ. ಹೆತ್ತ ಹೊಟ್ಟೆ ಕಣೋ, ನಾನೇನು ಮಾಡ್ಲಿ?" ಮೂಗು ಸುರ್ರೆಂದು ಎಳೆದುಕೊಂಡ ಸದ್ದು. "ಅಡುಗೆ ಮಾಡಿದೋಳು ಯಾರು? ಪಕ್ಕದಲ್ಲಿದ್ದಾಳಾ? ಏನಮ್ಮಾ, ಎಷ್ಟು ಹಾಕ್ದೆ?"

"ಒಂದೇ ಚಮಚ ಅಮ್ಮ," ಎಂದಳು ಫೈಲಿನ್.

"ಒಂದು ಚಮಚ ಎಲ್ಲಿ ಸಾಕು?"

ಯೋನಾಸ್ ಫೋನ್ ಆರಿಸಿ ಎದ್ದು ಹೋದ. ಹಿಂದಿರುಗಿ ನೋಡಲಿಲ್ಲ.

ಫೈಲಿನ್ ಅವನ ಹಿಂದೆ ಓಡಲಿಲ್ಲ. ಓಡಿ ಹೇಳುವುದೇನಿತ್ತು? ಪಾತ್ರೆ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಪ್ರೀತಿಸಿದ ತಪ್ಪಿಗೆ ಕಳೆದುಕೊಂಡೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಬಿಸಿಲಿಳಿಯುವ ಹೊತ್ತಿಗೆ ಅವನು ಬಂದ. ಮುಖ ಊದಿತ್ತು, ಅಂಗಿ ಬೆವರಿನಿಂದ ಅಂಟಿಕೊಂಡಿತ್ತು. ಊರೆಲ್ಲ ಸುತ್ತಿದ್ದನೇನೋ.

"ಹಸಿವಾಗ್ತಿದೆ," ಎಂದ.

ಅವಳು ಎದ್ದು ಅವನ ಕಣ್ಣೆದುರೇ ಕುಂಬಳಕಾಯಿ ಹುರಿದಳು. ಬೆಳ್ಳುಳ್ಳಿ, ಮೆಣಸಿನಕಾಯಿ, ಕಲ್ಲುಪ್ಪು, ಬೇರೇನೂ ಇಲ್ಲ. ಅವನು ತಿಂದ. ಕಣ್ಣು ಮುಚ್ಚಲಿಲ್ಲ.

"ಸಪ್ಪೆ," ಎಂದ.

"ಗೊತ್ತು."

"ನನಗೆ ನಿಮ್ಮ ಮೇಲೆ ಸಿಕ್ಕಾಪಟ್ಟೆ ಕೋಪ ಇದೆ."

"ಗೊತ್ತು."

"ಅಮ್ಮನ ಮೇಲೂ ಇದೆ. ಅವಳು ದೂರ ಇದಾಳೆ, ಅದಕ್ಕೆ ಅವಳದ್ದೂ ಸೇರಿಸಿ ನಿಮ್ಮ ಮೇಲೇ." ತಟ್ಟೆಯಲ್ಲಿ ಒಂದು ಹೋಳೂ ಬಿಡದೆ ತಿಂದು, ಇನ್ನಷ್ಟು ಹಾಕಿ ಎಂಬಂತೆ ಮುಂದಕ್ಕೆ ತಳ್ಳಿದ. "ಈ ಕೋಪ ಇಳಿಯೋವರೆಗೂ ನಾನು ಇಲ್ಲಿಂದ ಕದಲಲ್ಲ."

ಫೈಲಿನ್ ತಲೆ ತಗ್ಗಿಸಿ ಬಡಿಸಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಇವನ ಕೋಪ ಬೇಗ ಇಳಿಯದಿರಲಪ್ಪಾ ಎಂದು ಊರದೇವರಿಗೆ ಮನಸ್ಸಿನಲ್ಲೇ ಹರಕೆ ಹೊತ್ತಳು. ಅಲ್ಲಿ ಹರಕೆಯೆಂದರೆ ನೂರು ಬೇಯಿಸಿದ ಮೊಟ್ಟೆ ಒಪ್ಪಿಸುವುದು ವಾಡಿಕೆ. ಈ ಸಲ ಬರೀ ಮಲ್ಲಿಗೆ ಹಾರ ತಂದುಕೊಡುತ್ತೇನೆ, ಬೇಜಾರು ಮಾಡ್ಕೋಬೇಡ ತಂದೆ ಎಂದು ಕೇಳಿಕೊಂಡಳು.